ಹಳದಿ ಜೆರ್ಸಿಯೂ 1948ರ ಗೋಲೂ

ಇವತ್ತು ನಾನು ಆಫೀಸಿಗೆ ಹಾಕಿಕೊಂಡು ಹೋದ ಶರ್ಟು ಅಂಗಡಿಯಿಂದ ತಂದಾಗ ಬಿಳಿ ಇತ್ತು. ಈಗ ಬೆನ್ನ ಮೇಲೆ ಚಿತ್ರಾನ್ನದ ಹಳದಿ, ಕಾಲರಿನಲ್ಲಿ ತಿಳಿ ನಿಂಬೆ, ಎಡ ತೋಳಿನಲ್ಲಿ ಮಾತ್ರ ಯಾಕೋ ಹಸಿರು. ಲಿಫ್ಟಿನಲ್ಲಿ ಮ್ಯಾನೇಜರ್ ಮೇಲಿಂದ ಕೆಳಗೆ ನೋಡಿ, "ಮನೇಲಿ ಅರಿಶಿನ ಶಾಸ್ತ್ರ ಇತ್ತಾ?" ಅಂದರು. "ಇಲ್ಲ ಸಾರ್, ಫುಟ್‌ಬಾಲ್" ಅಂದೆ. ಅವರು ತಮ್ಮ ಫ್ಲೋರ್ ಬರುವವರೆಗೂ ಗೋಡೆ ನೋಡುತ್ತಾ ನಿಂತರು.

ಆಗಿದ್ದು ಇಷ್ಟು. ನಮ್ಮ ಏರಿಯಾದ ಫುಟ್‌ಬಾಲ್ ಕ್ಲಬ್ಬು ಈ ವರ್ಷ 'ಸಪೋರ್ಟರ್ ಜೆರ್ಸಿ' ಮಾಡಿಸಿತು. ಆಟ ಅವರದ್ದು, ಜೆರ್ಸಿ ನಮಗೆ. ಮನೆಗೊಂದು ಕಡ್ಡಾಯ. ಸೈಜು ಎರಡೇ, ಒಂದು ಮಕ್ಕಳದ್ದು, ಇನ್ನೊಂದು ಮದುವೆಯಾದವರದ್ದು. ಬಣ್ಣ ಬಿಡುತ್ತಾ ಅಂತ ನನ್ನ ಹೆಂಡತಿ ಮೊದಲೇ ಕೇಳಿದ್ದಳು. "ಪ್ರಾಣ ಬಿಟ್ಟರೂ ಬಣ್ಣ ಬಿಡಲ್ಲಮ್ಮಾ" ಅಂತ ಸೆಕ್ರೆಟ್ರಿ ಅಣ್ಣ ಎದೆ ತಟ್ಟಿ ಹೇಳಿದ್ದರು. ಅದೇ ಧೈರ್ಯದ ಮೇಲೆ ಅಮ್ಮ ಎಲ್ಲ ಬಟ್ಟೆಯನ್ನೂ ಒಂದೇ ಬಕೆಟ್ಟಿನಲ್ಲಿ ನೆನೆಹಾಕಿದರು. ಬೆಳಿಗ್ಗೆ ನೋಡಿದರೆ ನನ್ನ ಶರ್ಟು, ಮಗಳ ಯೂನಿಫಾರ್ಮು, ಅಪ್ಪನ ಪಂಚೆ ಎಲ್ಲವೂ ಕ್ಲಬ್ಬಿನ ಸದಸ್ಯರಾಗಿದ್ದವು. ಜೆರ್ಸಿ ಮಾತ್ರ ಬೆಳ್ಳಗಾಗಿತ್ತು.

ನಮ್ಮದು ಹಲಸೂರು ಕಡೆಯ ಏರಿಯಾ. ಹಳೇ ದಂಡಿನ ಬೆಂಗಳೂರು. ಬಸವನಗುಡಿಯ ನಮ್ಮ ನೆಂಟರಿಗೆ ಇದು ಬೇರೆ ಊರು. ಅಲ್ಲಿ ಹುಡುಗ ಹುಟ್ಟಿದರೆ ಬ್ಯಾಟು ತಂದುಕೊಡುತ್ತಾರೆ, ಇಲ್ಲಿ ಬಾಲು. ನಮ್ಮ ಗಲ್ಲಿಯಲ್ಲಿ ತಮಿಳು, ಕನ್ನಡ, ಉರ್ದು, ತೆಲುಗು ಎಲ್ಲ ಓಡುತ್ತವೆ. ಆಫ್‌ಸೈಡ್ ಜಗಳ ಬಂದಾಗ ನಾಲ್ಕೂ ಒಟ್ಟಿಗೆ ಓಡುತ್ತವೆ. ಪಕ್ಕದ ಗೌತಮಪುರವಂತೂ ಕೇಳಲೇಬೇಡಿ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಜೊತೆ ಅಲ್ಲಿ ಪೆಲೆಗೂ ಪ್ರತಿಮೆ ಇದೆ. ವಿಶ್ವಕಪ್ ಬಂತು ಅಂದರೆ ಬೀದಿ ತುಂಬಾ ಬ್ರೆಜಿಲ್ ಬಾವುಟ. ಜನ ಮಿನಿ ಬ್ರೆಜಿಲ್ ಅಂತಲೇ ಕರೆಯುತ್ತಾರೆ. ಪಕ್ಕದವರು ಬ್ರೆಜಿಲ್ ಆದಮೇಲೆ ನಾವೇನು ಕಮ್ಮಿ ಅಂತ ನಮ್ಮ ಕ್ಲಬ್ಬೂ ಬ್ರೆಜಿಲ್ ಟೀಮಿನ ಹಳದಿ ಬಣ್ಣಕ್ಕೆ ಬಿತ್ತು. ಅದರ ಫಲ ಈಗ ನನ್ನ ಮೈಮೇಲಿದೆ.

ಜೆರ್ಸಿಯನ್ನು ನೀವು ನೋಡಬೇಕಿತ್ತು. ಎದೆಯ ಮೇಲೆ ಚಿಕನ್ ಸೆಂಟರ್. ಬೆನ್ನ ಮೇಲೆ ಹಲ್ಲಿನ ಕ್ಲಿನಿಕ್. ಬಲತೋಳಿಗೆ ಶಾಮಿಯಾನದವರು, ಎಡತೋಳಿಗೆ ಫ್ಲೆಕ್ಸ್ ಪ್ರಿಂಟಿಂಗಿನವರು. ಹೊಟ್ಟೆಯ ಮೇಲೆ, ಮುಂದಿನ ಎಲೆಕ್ಷನ್ನಿಗೆ ನಿಲ್ಲುವ ಆಸೆ ಇರುವ ಒಬ್ಬರು ಕೈಮುಗಿದು ನಗುತ್ತಿದ್ದಾರೆ. ಆಟಗಾರರ ಹೊಟ್ಟೆಯ ಮೇಲೆ ಅವರದು ಮುಗುಳ್ನಗೆ. ನನ್ನ ಹೊಟ್ಟೆಯ ಮೇಲೆ ಬಾಯಿ ತುಂಬಾ ನಗು. ಸರಿ, ನಮ್ಮ ಏರಿಯಾ ಹೆಸರು ಎಲ್ಲಿ? ಮುಂದೆ ಹುಡುಕಿದೆ, ಹಿಂದೆ ಹುಡುಕಿದೆ. ಕೊನೆಗೆ ಕಂಕುಳಲ್ಲಿ ಸಿಕ್ಕಿತು. "ಅಲ್ಲೊಂದೇ ಜಾಗ ಉಳಿದಿತ್ತು ಸಾರ್" ಅಂದರು ಸೆಕ್ರೆಟ್ರಿ ಅಣ್ಣ.

ಯಾವ ಹೆಸರಿಗಾಗಿ ಈ ಹುಡುಗರು ಮೊಣಕಾಲು ಚಿಪ್ಪು ಒಡೆದುಕೊಳ್ಳುತ್ತಾರೋ ಅದು ಈಗ ಥ್ರೋ-ಇನ್ ಸಿಕ್ಕಾಗ ಮಾತ್ರ ಕಾಣುತ್ತದೆ. ಹೋದ ಪಂದ್ಯದಲ್ಲಿ ಎದುರಿನವರ ಕೈಗೆ ಚೆಂಡು ತಗುಲಿತು ಅಂತ ನಮ್ಮ ಟೀಮು ಪೂರ್ತಿ ಕೈ ಎತ್ತಿ ಕೂಗಿತು. ಎಲ್ಲರ ಕಂಕುಳಲ್ಲೂ ಏರಿಯಾ ಹೆಸರು ಒಮ್ಮೆಗೇ ಬೆಳಗಿತು. ನೋಡುತ್ತಿದ್ದ ನಮ್ಮವರು ಎದ್ದು ನಿಂತು ಚಪ್ಪಾಳೆ ಹೊಡೆದರು. ರೆಫರಿ ಮಾತ್ರ ಏನೂ ಕೊಡಲಿಲ್ಲ.

ಇಷ್ಟೂ ಸಹಿಸಬಹುದು. ಸಹಿಸಲಾಗದ್ದು ಸೆಕ್ರೆಟ್ರಿ ಅಣ್ಣನ ಒಂದು ಅಭ್ಯಾಸ.

ಅವರು ಸಾರ್ವಜನಿಕ ಕಾರ್ಖಾನೆಯೊಂದರಲ್ಲಿ ಆಡಿ, ದುಡಿದು, ರಿಟೈರ್ ಆದವರು. ಕ್ಲಬ್ಬಿಗೆ ಸೆಕ್ರೆಟ್ರಿ, ಕೋಚು, ಲೈನ್‌ಮನ್, ಐಸ್ ಹಚ್ಚುವ ಡಾಕ್ಟರು ಎಲ್ಲ ಅವರೇ. ಮಾಮೂಲಿ ದಿನ ನಾನು ಅವರಿಗೆ 'ತಂಬಿ', ಅಂದರೆ ತಮ್ಮ. ರಸೀದಿ ಪುಸ್ತಕ ಕೈಯಲ್ಲಿದ್ದರೆ 'ಸಾರ್'. ದುಡ್ಡಿನ ವಿಷಯ ಎತ್ತಿದರೆ ಸಾಕು, ಅವರು ಸೀದಾ ಚರಿತ್ರೆಗೆ ಹೋಗಿಬಿಡುತ್ತಾರೆ. ಹಿಡಿಯಲು ಆಗುವುದಿಲ್ಲ.

"ಅಣ್ಣಾ, ಹೋದ ಸಲದ ದುಡ್ಡಿಗೆ ರಸೀದಿನೇ ಕೊಡಲಿಲ್ಲ."

"1948ರಲ್ಲಿ ರಾಮನ್ ಗೋಲ್ ಹೊಡೆದಾಗ ಯಾರಾದ್ರೂ ರಸೀದಿ ಕೇಳಿದ್ರಾ ಸಾರ್?"

ಇದಕ್ಕೆ ಏನಂತ ಉತ್ತರ ಕೊಡುವುದು?

ಇದರಲ್ಲೂ ಒಂದು ರೇಟು ಇದೆ ಅಂತ ನನಗೆ ನಿಧಾನಕ್ಕೆ ಗೊತ್ತಾಯಿತು. ನೂರು ರೂಪಾಯಿ ಕೊಟ್ಟರೆ 1977. ದೂರವಾಣಿನಗರದ ಐಟಿಐ, ಅಂದರೆ ಟೆಲಿಫೋನ್ ಕಾರ್ಖಾನೆಯ ಟೀಮು, ಕೊಚ್ಚಿ ಕಡೆ ಹೋಗಿ ದೇಶದ ಕ್ಲಬ್ಬುಗಳ ಮೊಟ್ಟಮೊದಲ ಫೆಡರೇಷನ್ ಕಪ್ ಗೆದ್ದ ಕಥೆ. ಫೈನಲ್‌ನಲ್ಲಿ ಕಲ್ಕತ್ತಾದ ಮೋಹನ್ ಬಗಾನ್ ಮೇಲೆ 1-0. "ಟೆಲಿಫೋನ್ ಮಾಡೋ ಹುಡುಗ್ರು ಸಾರ್, ಕಲ್ಕತ್ತಾದವರ ಕನೆಕ್ಷನ್ ಕಟ್ ಮಾಡಿಬಿಟ್ರು" ಅನ್ನುವಲ್ಲಿಗೆ ಕಥೆ ಮುಗಿಯುತ್ತದೆ. ಇನ್ನೂರಕ್ಕೆ 1952, ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾ ಕೈಯಲ್ಲಿ ನಾವು 10-1 ಸೋತಿದ್ದು. ಸೋತದ್ದನ್ನು ಯಾರಾದರೂ ಹೇಳಿಕೊಳ್ಳುತ್ತಾರಾ ಅಂದುಕೊಳ್ಳಬೇಡಿ. "ಹತ್ತು ಬಿತ್ತು ಅಂತ ಎಲ್ಲರೂ ಹೇಳ್ತಾರೆ. ಆ ಒಂದು ಯಾರು ಹೊಡೆದಿದ್ದು? ನಮ್ಮ ಅಹ್ಮದ್ ಖಾನ್. ಬೆಂಗಳೂರು ಹುಡುಗ!" ಕಲ್ಕತ್ತಾದ ಈಸ್ಟ್ ಬೆಂಗಾಲ್‌ನವರು ತಮ್ಮ ಐದು ಜನ ಫಾರ್ವರ್ಡ್‌ಗಳನ್ನು ಪಂಚ ಪಾಂಡವರು ಅನ್ನುತ್ತಿದ್ದರಂತಲ್ಲ, ಅದರಲ್ಲೊಬ್ಬರು ಈ ಅಹ್ಮದ್ ಖಾನ್. ಇದು ನಿಜವೇ. ಅಣ್ಣನ ಕಥೆಗಳ ತೊಂದರೆಯೇ ಅದು. ಸುಳ್ಳಾಗಿದ್ದರೆ ಬಾಗಿಲು ಹಾಕಿಕೊಳ್ಳಬಹುದಿತ್ತು.

ಐನೂರು ಕೊಟ್ಟರೆ 1948, ಲಂಡನ್ ಒಲಿಂಪಿಕ್ಸ್, ಫ್ರಾನ್ಸ್ ಮೇಲಿನ ಪಂದ್ಯ. ಅದು ಬರೀ ಕಥೆಯಲ್ಲ, ನಾಟಕ.

ಹೋದ ಭಾನುವಾರ ಆಗಿದ್ದು ಅದೇ. ಶರ್ಟು ಕೈಯಲ್ಲಿ ಹಿಡಿದುಕೊಂಡೇ ಗೇಟಿನ ಹತ್ತಿರ ಹೋದೆ. ಸರಿಯಾಗಿ ಕೇಳಿಬಿಡಬೇಕು ಅಂತ. "ಅಣ್ಣಾ, ಬಣ್ಣ ಬಿಡಲ್ಲ ಅಂದ್ರಲ್ಲ, ನೋಡಿ ಇಲ್ಲಿ." ಅವರು ಶರ್ಟು ನೋಡಿದರು. ಬೆರಳಲ್ಲಿ ಉಜ್ಜಿ ನೋಡಿದರು. ದೊಡ್ಡ ನಿಟ್ಟುಸಿರು ಬಿಟ್ಟರು. ಸಾರಿ ಕೇಳುತ್ತಾರೇನೋ ಅಂದುಕೊಂಡೆ.

"ಲಂಡನ್‌ನಲ್ಲಿ ನಮ್ಮ ಹುಡುಗ್ರು ಹೆಚ್ಚಿನವರು ಬರಿಗಾಲಲ್ಲೇ ಆಡಿದ್ರು ಸಾರ್. ನೀವು ಶರ್ಟಿಗೆ ಅಳ್ತೀರಿ."

ಅಲ್ಲಿಗೆ ಮುಗಿಯಿತು. ನಮ್ಮ ಮನೆ ಬಾಗಿಲಲ್ಲಿ ಚಪ್ಪಲಿಗಳಿದ್ದವು. ಅವನ್ನು ಒಂದೊಂದಾಗಿ ಎತ್ತಿ ನಡುಬೀದಿಯಲ್ಲಿ ಇಡತೊಡಗಿದರು. ನನ್ನ ಹೆಂಡತಿಯ ಹವಾಯಿ ಚಪ್ಪಲಿ ಫ್ರಾನ್ಸಿನ ಡಿಫೆಂಡರ್. ಅಪ್ಪನ ಹಳೇ ಶೂ ಇನ್ನೊಬ್ಬ ಡಿಫೆಂಡರ್, "ಸ್ವಲ್ಪ ದಪ್ಪ, ಸ್ಲೋ". ನೀರು ತುಂಬಿದ್ದ ಬಿಂದಿಗೆ ಗೋಲ್‌ಕೀಪರ್. ಗೋಲ್‌ಪೋಸ್ಟ್‌ಗೆ ಒಂದು ಕಡೆ ಕರೆಂಟ್ ಕಂಬ, ಇನ್ನೊಂದು ಕಡೆ ನಾನು. ಚೆಂಡು ಬೇಕಿತ್ತಲ್ಲ, ನನ್ನ ಕಾಲಲ್ಲಿದ್ದ ಹೊಸ ಚಪ್ಪಲಿಯಲ್ಲಿ ಒಂದನ್ನು "ಒಂದ್ನಿಮಿಷ ಸಾರ್" ಅಂತ ಬಿಚ್ಚಿಸಿಕೊಂಡರು.

"ಜುಲೈ 31. ಫಸ್ಟ್ ಹಾಫ್‌ನಲ್ಲಿ ಫ್ರಾನ್ಸ್ ಒಂದು ಹಾಕಿಬಿಟ್ರು." ದಾರಿಹೋಕರು ನಿಂತರು. ತರಕಾರಿ ಗಾಡಿ ನಿಂತಿತು. "ನಮಗೆ ಪೆನಾಲ್ಟಿ ಸಿಕ್ತು. ಹೋಯ್ತು! ಇನ್ನೊಂದು ಪೆನಾಲ್ಟಿ ಸಿಕ್ತು. ಅದೂ ಹೋಯ್ತು!" ಎರಡು ಬೆರಳೆತ್ತಿ ನನ್ನನ್ನೇ ದುರುಗುಟ್ಟಿ ನೋಡಿದರು, ಎರಡನ್ನೂ ನಾನೇ ಹಾಳು ಮಾಡಿದ್ದೆನೇನೋ ಅನ್ನುವ ಹಾಗೆ. ತರಕಾರಿ ಗಾಡಿಯವನೂ ನನ್ನನ್ನೇ ನೋಡಿದ.

ಇಲ್ಲಿ ಒಂದು ಮಾತು ಹೇಳಬೇಕು. ಸೆಕ್ರೆಟ್ರಿ ಅಣ್ಣ ಹುಟ್ಟಿದ್ದೇ ಈ ಪಂದ್ಯ ಮುಗಿದು ಎಷ್ಟೋ ವರ್ಷ ಆದಮೇಲೆ. ಆದರೂ ಅವರು ಹೇಳುವಾಗ ಅವತ್ತು ಲಂಡನ್ನಿನಲ್ಲಿ ಗೋಲ್‌ಪೋಸ್ಟ್ ಹಿಂದೆಯೇ ಕೂತಿದ್ದವರು ಅಂತಲೇ ನಂಬಬೇಕು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಅಂತ ಕೂಡ ಹೇಳುತ್ತಾರೆ. ಒಂದು ವರ್ಷ ಎಡಗಡೆಯಿಂದ, ಇನ್ನೊಂದು ವರ್ಷ ಬಲಗಡೆಯಿಂದ.

"ಎಪ್ಪತ್ತನೇ ನಿಮಿಷ. ಚೆಂಡು ಬಂತು. ನಮ್ಮ ಸಾರಂಗಪಾಣಿ ರಾಮನ್..." ಪ್ಯಾಂಟು ಮೇಲಕ್ಕೆ ಎಳೆದುಕೊಂಡರು. ತಾವೂ ಚಪ್ಪಲಿ ಕಳಚಿ ಬರಿಗಾಲಾದರು. ಹವಾಯಿ ಚಪ್ಪಲಿಯನ್ನು ದಾಟಿದರು. ಅಪ್ಪನ ಶೂ ಹತ್ತಿರ ಮೈ ಒಮ್ಮೆ ಎಡಕ್ಕೆ ತೋರಿಸಿ ಬಲಕ್ಕೆ ಬಂದರು. ಸುಳ್ಳು ಯಾಕೆ ಹೇಳಲಿ, ಆ ವಯಸ್ಸಿನಲ್ಲೂ ಆ ತಿರುವು ನೋಡುವ ಹಾಗೇ ಇತ್ತು. ಆಮೇಲೆ ಒದ್ದರು.

ಚಪ್ಪಲಿ ಬಿಂದಿಗೆಯ ಪಕ್ಕದಲ್ಲಿ, ನನ್ನ ಮೊಣಕಾಲಿನ ಹತ್ತಿರ ಹಾರಿ, ಮೋರಿಗೆ ಬಿತ್ತು.

"ಗೋಓಓಲ್!" ಬೀದಿಯೇ ಕೂಗಿತು. ತರಕಾರಿ ಗಾಡಿಯವನು ತಕ್ಕಡಿ ತಟ್ಟಿದ. ಮಹಡಿಯಿಂದ ಯಾರೋ ಸಿಳ್ಳೆ ಹೊಡೆದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಫುಟ್‌ಬಾಲ್ ಗೋಲು ಅದು, ಹೊಡೆದವರು ನಮ್ಮ ಬೆಂಗಳೂರಿನವರು. ಎರಡೂ ಸತ್ಯ. ಆ ಸತ್ಯ ನನ್ನ ಹೊಸ ಚಪ್ಪಲಿಯನ್ನು ತೆಗೆದುಕೊಂಡು ಕಲ್ಲಿನ ಚಪ್ಪಡಿಯ ಕೆಳಗೆ ತೇಲಿಹೋಯಿತು.

ಕೋಲು ತರಲು ಒಳಗೆ ಹೊರಟೆ. ಅಣ್ಣ ಕೈ ಹಿಡಿದು ನಿಲ್ಲಿಸಿದರು. ಕಥೆ ಇನ್ನೂ ಬಾಕಿ ಇತ್ತು. "ಒಂದೇ ನಿಮಿಷ ಸಾರ್ ಉಳಿದಿದ್ದು. ಎಂಬತ್ತೊಂಬತ್ತನೇ ನಿಮಿಷದಲ್ಲಿ ಹಾಕಿಬಿಟ್ರು. 2-1." ಬೀದಿ ತಣ್ಣಗಾಯಿತು. ಎಲ್ಲರೂ ನಿಜವಾಗಿಯೂ ಬೇಜಾರು ಮಾಡಿಕೊಂಡರು. ನನ್ನ ಶರ್ಟಿನ ವಿಷಯ ಯಾರಿಗೆ ನೆನಪಿರುತ್ತದೆ?

ಬಿಎಫ್‌ಸಿ, ಅಂದರೆ ಬೆಂಗಳೂರು ಫುಟ್‌ಬಾಲ್ ಕ್ಲಬ್ ಇದೆಯಲ್ಲ, ಸುನಿಲ್ ಛೆಟ್ರಿ ಟೀಮು, ಅದರ ಬಗ್ಗೆ ಕೇಳಿದರೆ ಅಣ್ಣ ಮೂಗು ಮುರಿಯುವುದಿಲ್ಲ. "ಒಳ್ಳೇ ಟೀಮು. 2013ರಲ್ಲಿ ಹುಟ್ಟಿ ಮೊದಲನೇ ವರ್ಷವೇ ಇಡೀ ದೇಶದ ಐ-ಲೀಗ್ ಗೆದ್ರು" ಅನ್ನುತ್ತಾರೆ. ಒಂದು ಕ್ಷಣ ಬಿಟ್ಟು, "ಆದ್ರೆ ಅವರ ಗೋಲ್‌ಕೀಪರ್ ಅಮ್ಮ ನಿಮಗೆ ಗೊತ್ತಾ?" ಅನ್ನುತ್ತಾರೆ. ನಮ್ಮ ಗೋಲ್‌ಕೀಪರ್ ಅಮ್ಮ ನನಗೆ ಗೊತ್ತು. ಹುಡುಗ ಗೋಲು ಬಿಟ್ಟ ದಿನ ಅವರು ಯಾರ ಮನೆಯ ಮುಂದೆಯೂ ನಿಂತು ಮಾತಾಡುವುದಿಲ್ಲ.

ಆ ಗೋಲ್‌ಕೀಪರ್ ಊಟ ಡೆಲಿವರಿ ಮಾಡುತ್ತಾನೆ. ಗ್ಲೌಸು, ಬೂಟು, ಬೇರೆಯವರ ಬಿರಿಯಾನಿ ಎಲ್ಲ ಒಂದೇ ಗಾಡಿಯ ಮೇಲೆ. ಲೀಗ್ ಪಂದ್ಯ ವಾರದ ನಡುವೆ ಮಧ್ಯಾಹ್ನ ಬಿದ್ದರೆ ಅವನಿಗೆ ಕಷ್ಟ. ಆರ್ಡರ್ ಜಾಸ್ತಿ ಬರುವ ಹೊತ್ತೂ ಅದೇ. ಒಂದು ದಿನ ಫೋನ್ ಆಫ್ ಮಾಡುವುದನ್ನೇ ಮರೆತು ಬ್ಯಾಗನ್ನು ಗೋಲ್ ಹಿಂದೆ ಇಟ್ಟಿದ್ದ. ಎದುರಿನವರಿಗೆ ಕಾರ್ನರ್ ಸಿಕ್ಕಾಗ ಸರಿಯಾಗಿ ಆರ್ಡರ್ ಬಂದ ಸದ್ದಾಯಿತು. ಅವನು ಅರ್ಧ ಸೆಕೆಂಡ್ ಹಿಂದಕ್ಕೆ ತಿರುಗಿದ. ಗೋಲು. "ಕ್ಯಾನ್ಸಲ್ ಮಾಡೋ!" ಅಂತ ನಾವೆಲ್ಲ ಕೂಗುತ್ತಿದ್ದೇವೆ, ಅವನು ಬಲೆಯಿಂದ ಚೆಂಡು ತೆಗೆಯಬೇಕೋ ಬ್ಯಾಗಿನಿಂದ ಫೋನ್ ತೆಗೆಯಬೇಕೋ ಗೊತ್ತಾಗದೆ ನಿಂತಿದ್ದಾನೆ.

ನಕ್ಕೆವು. ಆದರೆ ಸೆಕ್ರೆಟ್ರಿ ಅಣ್ಣ ನಗಲಿಲ್ಲ. ಅವರ ಕಾಲದಲ್ಲಿ ಚೆಂಡು ಚೆನ್ನಾಗಿ ಒದ್ದರೆ ಕೆಲಸ ಸಿಗುತ್ತಿತ್ತು. ಐಟಿಐ, ಎಚ್‌ಎಎಲ್, ಬಿಇಎಂಎಲ್ ಎಲ್ಲಕ್ಕೂ ಟೀಮುಗಳಿದ್ದವು. ಬೆಳಿಗ್ಗೆ ಪ್ರಾಕ್ಟೀಸು, ಆಮೇಲೆ ಶಿಫ್ಟು, ತಿಂಗಳ ಕೊನೆಗೆ ಸಂಬಳ, ಕೊನೆಗೊಂದು ಪೆನ್ಷನ್ನು. ನಮ್ಮ ಬೀದಿಯಲ್ಲಿ ಕೆಲವು ಮನೆಗಳ ಮೇಲೆ ಮಹಡಿ ಎದ್ದಿದ್ದೇ ಫುಟ್‌ಬಾಲಿನಿಂದ. ಹೆಣ್ಣು ಕೊಡುವವರು ಹುಡುಗ ಯಾವ ಪೊಸಿಷನ್ನಲ್ಲಿ ಆಡುತ್ತಾನೆ ಅಂತ ಕೇಳುತ್ತಿದ್ದರಂತೆ. ಈಗಿನ ಹುಡುಗರು ಅಷ್ಟೇ ಚೆನ್ನಾಗಿ ಆಡುತ್ತಾರೆ. ಕಾರ್ಖಾನೆಯ ಗೇಟು ಮಾತ್ರ ಅವರಿಗೆ ತೆರೆಯುವುದಿಲ್ಲ. ಹುಡುಗರು ಚೆಂಡಾಡುತ್ತಿದ್ದ ಖಾಲಿ ಜಾಗಗಳಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ. ಈಗ ಗಂಟೆಗಿಷ್ಟು ಅಂತ ಬಾಡಿಗೆ ಕೊಟ್ಟು, ಬಲೆ ಕಟ್ಟಿದ ಟರ್ಫ್‌ನಲ್ಲಿ ರಾತ್ರಿ ಆಡಬೇಕು. ಹೊತ್ತು ಮೀರಿದರೆ ಅವರು ಲೈಟ್ ಆರಿಸಿಬಿಡುತ್ತಾರೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಹೊರಗೆ ಒಮ್ಮೆ ಕಾರಿನವರೊಬ್ಬರು ಗಾಜು ಇಳಿಸಿ "ಮಾಲ್ ಪಾರ್ಕಿಂಗ್ ಇದೇನಾ?" ಅಂತ ನಮ್ಮ ಅಣ್ಣನನ್ನೇ ಕೇಳಿದರು. ಅವರಿಗೆ ಪಾಪ, ಇಪ್ಪತ್ತು ನಿಮಿಷ ಚರಿತ್ರೆ ಬಿತ್ತು. ದುಡ್ಡು ಕೊಡದೆ ಪೂರ್ತಿ ಕಥೆ ಕೇಳಿದವರು ಅವರೊಬ್ಬರೇ ಇರಬೇಕು.

2023ರ ಮಾರ್ಚ್‌ನಲ್ಲಿ ಕರ್ನಾಟಕ, ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಾಗ ನೋಡಬೇಕಿತ್ತು. ರಿಯಾದ್‌ನಲ್ಲಿ ಫೈನಲ್, ಮೇಘಾಲಯದ ಮೇಲೆ 3-2. ಐವತ್ತನಾಲ್ಕು ವರ್ಷ ಆದಮೇಲೆ ಬಂದ ಕಪ್ಪು. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು ಅಂತಲೇ ಇತ್ತು. ಆಫೀಸಿನಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ, ಎಲ್ಲರೂ ಕ್ರಿಕೆಟ್ ಸ್ಕೋರ್ ನೋಡುತ್ತಿದ್ದರು. ನಮ್ಮ ಬೀದಿಯಲ್ಲಿ ರಾತ್ರಿ ಪಟಾಕಿ. ಅಣ್ಣ ಮನೆಮನೆಗೆ ಲಾಡು ಹಂಚಿದರು, ರಸೀದಿ ಪುಸ್ತಕ ಇಲ್ಲದೆ. ನನ್ನನ್ನು ಅವತ್ತು 'ತಂಬಿ' ಅಂದರು. ಒಂದು ವಾರ ಕಳೆದ ಮೇಲೆ ಲಾಡಿನ ಖರ್ಚಿಗೆ ಅಂತ ಬಂದರು, ಅದು ಬೇರೆ ವಿಷಯ.

ಶರ್ಟಿನ ಗಲಾಟೆಗೆ ಬರುತ್ತೇನೆ. ಚಪ್ಪಲಿಯೂ ಹೋದಮೇಲೆ ನಾನು ಬಿಡಲಿಲ್ಲ. ಲೆಕ್ಕ ತೋರಿಸಿ ಅಂತ ಪಟ್ಟು ಹಿಡಿದೆ. ಅಣ್ಣ ಸ್ವಲ್ಪ ಹೊತ್ತು 1948ರಲ್ಲೇ ಅಡಗಿ ಕೂತರು. ಕೊನೆಗೆ ಮನೆಗೆ ಹೋಗಿ ಲೆಕ್ಕದ ಪುಸ್ತಕ ತಂದರು. ರಟ್ಟಿನ ಮೇಲೆ ದೇವರ ಪಟ, ಬೆನ್ನಿಗೆ ಪ್ಲಾಸ್ಟರ್. ಒಳಗೆ ದುಂಡಗಿನ ಅಕ್ಷರ. ನಿಂಬೆಹಣ್ಣು. ಐಸ್. ಚೆಂಡಿಗೆ ಹೊಲಿಗೆ. ರೆಫರಿಗೆ ಟೀ. ನಾವು ಗೆದ್ದ ದಿನ, ರೆಫರಿಗೆ ಟೀ, ಬನ್ನು. ಗೋಲ್‌ಕೀಪರ್ ಪೆಟ್ರೋಲು. 'ಸಣ್ಣ ಹುಡುಗನ ಬೂಟು, ಬಾಕಿ.' 'ಸಣ್ಣ ಹುಡುಗನ ಬೂಟು, ಕಾಲು ಬೆಳೆದಿದೆ, ಮತ್ತೆ.' ಬಂದ ದುಡ್ಡಿನ ಕಡೆ ನೋಡಿದರೆ ಅಲ್ಲಲ್ಲಿ ನಮ್ಮ ಹೆಸರುಗಳು, ಮಿಕ್ಕ ಕಡೆ ಬರೀ 'ಮನೆಯಿಂದ' ಅಂತ ಬರೆದಿತ್ತು. ಯಾರ ಮನೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೂ ಅವರು ಹೆಲ್ಸಿಂಕಿಗೆ ಹೋಗಿಬಿಡುತ್ತಿದ್ದರು.

ಹಾಗಂತ ನನ್ನ ಸಿಟ್ಟೇನೂ ಇಳಿಯಲಿಲ್ಲ. ಪುಸ್ತಕ ಎಷ್ಟು ಚೆನ್ನಾಗಿದ್ದರೂ ಶರ್ಟು ಶರ್ಟೇ. ಮಗಳ ಯೂನಿಫಾರ್ಮಿಗೆ ಸ್ಕೂಲಿನಿಂದ ಚೀಟಿ ಬಂದಿದೆ. ಅಪ್ಪ ಮಾತ್ರ ಹಳದಿ ಪಂಚೆಯಲ್ಲಿ ಖುಷಿಯಾಗಿದ್ದಾರೆ. ದೇವಸ್ಥಾನದಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರಂತೆ.

ಇವತ್ತು ಸಂಜೆ ನಾನು ಅದೇ ಶರ್ಟಿನಲ್ಲಿ ಮನೆಗೆ ಬರುವಾಗ ಅಣ್ಣ ಗೇಟಿನ ಹತ್ತಿರವೇ ಕಾದಿದ್ದರು. ಕೈಯಲ್ಲಿ ರಸೀದಿ ಪುಸ್ತಕ. ಬರುವ ತಿಂಗಳ ಟೂರ್ನಮೆಂಟಿಗೆ ಎಂಟ್ರಿ ಫೀ ಕಟ್ಟಬೇಕಂತೆ. "ಸಾರ್..." ಅಂದರು. ನನಗೆ ತಲೆನೋವು, ಹಸಿವು, ಬಸ್ಸಿನಲ್ಲಿ ನಿಂತು ಕಾಲು ಬೇರೆ ನೋವು. ಜೇಬಿನಿಂದ ಐನೂರರ ನೋಟು ತೆಗೆದು ಅವರ ಕೈಗೆ ತುರುಕಿದೆ. "ತಗೊಳ್ಳಿ ಅಣ್ಣಾ. ಕಥೆ ಮಾತ್ರ ಬೇಡ, ಇವತ್ತು ಕೇಳೋ ಶಕ್ತಿ ಇಲ್ಲ" ಅಂದೆ.

ಅವರ ಮುಖ ಸಪ್ಪಗಾಯಿತು. ನೋಟನ್ನು ವಾಪಸ್ ನನ್ನ ಕೈಗೇ ಇಟ್ಟರು.

"ಸುಮ್ನೆ ಕೈ ಚಾಚಿ ಐನೂರು ತಗೊಂಡ್ರೆ ಅದು ಭಿಕ್ಷೆ ತಂಬಿ. ನಾನು ಭಿಕ್ಷೆಗೆ ಬಂದಿಲ್ಲ."

ನಾನು ಬ್ಯಾಗು ಕೆಳಗಿಟ್ಟೆ. ಅವರು ಗೇಟಿಗೆ ಒರಗಿ ನಿಂತು ಗಂಟಲು ಸರಿಮಾಡಿಕೊಂಡರು. "1937. ಬಾಂಬೆ. ರೋವರ್ಸ್ ಕಪ್. ಅಲ್ಲಿತನಕ ಬರೀ ಬ್ರಿಟಿಷ್ ಪಟಾಲಮ್ಮಿನವರೇ ಗೆಲ್ತಾ ಇದ್ದಿದ್ದು. ಅಲ್ಲಿಗೆ ಹೋಗಿದ್ದು ಯಾರು? ನಮ್ಮ ಬೆಂಗಳೂರ್ ಮುಸ್ಲಿಮ್ಸ್ ಟೀಮು..." ಅನ್ನುತ್ತಾ ಅವರ ಕಣ್ಣು ಆಗಲೇ ನನ್ನ ಚಪ್ಪಲಿಯ ಮೇಲೆ ಬಿದ್ದಿತ್ತು.